ಇಪ್ಪತ್ತೇಳು ಔಟ್, ಒಂದೂ ಮಾತಿಲ್ಲ

ಜನವರಿ 10, ಮಂಗಳವಾರ

ಬೆಳಿಗ್ಗೆ 7 — ಬಲಗೈ, ಸ್ವಲ್ಪ. ಕಾಫಿ ಎಡಗೈಯಲ್ಲಿ ಕುಡಿದೆ.

10.30 — ಇಲ್ಲ. ಕೂದಲು ಕತ್ತರಿಸುವ ಮೆಷಿನ್ ಹಿಡಿದಿದ್ದೆ. ಅದು ತಾನೇ ನಡುಗುತ್ತಿರುತ್ತದೆ, ನನ್ನ ನಡುಕ ಯಾರಿಗೆ ಕಾಣಬೇಕು.

ಮಧ್ಯಾಹ್ನ 3 — ಹೆಬ್ಬೆರಳು. ಜೋರು. ಆಟ ಸೋತೆ, 9–2.

ನರದ ಡಾಕ್ಟರು ಕೊಟ್ಟ ಕೆಲಸ ಇದು. ಕೈ ಯಾವಾಗ ನಡುಗುತ್ತದೆ, ಎಷ್ಟು ಹೊತ್ತು, ಏನು ಮಾಡುವಾಗ — ದಿನಾ ಬರೆದಿಡಿ ಅಂದರು. ಅರವತ್ತೇಳನೇ ವಯಸ್ಸಿಗೆ ಹೋಂವರ್ಕ್. ಬರೆಯಲು ಕೂತರೆ ಬೇರೆಯದೂ ಬರುತ್ತದೆ. ಬರಲಿ. ಡಾಕ್ಟರಿಗೆ ಗಂಟೆಗಳನ್ನಷ್ಟೇ ಬೇರೆ ಹಾಳೆಗೆ ಇಳಿಸಿ ಕೊಟ್ಟರಾಯಿತು.

ಜನವರಿ 12, ಗುರುವಾರ

8 — ಸ್ವಲ್ಪ. ಶರ್ಟಿನ ಗುಂಡಿ ಬರ್ನಡೆಟ್ ಹಾಕಿಕೊಟ್ಟಳು. ಹೆಂಡತಿ ಗುಂಡಿ ಹಾಕುವಾಗ ಕಿಟಕಿಯಾಚೆ ನೋಡುತ್ತಾಳೆ. ನಾನೂ ನೋಡುತ್ತೇನೆ. ಇಬ್ಬರೂ ಸೇರಿ ಹಿಮ ನೋಡುತ್ತೇವೆ.

ಎರಡಕ್ಕೆ ಕ್ಷೌರದಂಗಡಿ ಮುಚ್ಚಿ ಹಿಂದಿನ ಕೋಣೆಗೆ. ಮಂಗಳವಾರ, ಗುರುವಾರ ಆಟದ ದಿನ. ಊರಿನ ಬೇಸ್‌ಬಾಲ್ ಮೈದಾನದ ಮೇಲೆ ಮೊಣಕಾಲುದ್ದ ಹಿಮ ಬಿದ್ದಿದೆ, ಟಿವಿಯೊಳಗೆ ಮಾತ್ರ ಯಾವಾಗಲೂ ಜುಲೈ. ಆಡುವವರು ನಾನು ಮತ್ತು ರೆಜಿಸ್. ಆರನೇ ಕ್ಲಾಸಿನಿಂದ ಗೆಳೆಯ, ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತನಾದವನು. ವಿಡಿಯೋ ಗೇಮಿನ ಪೆಟ್ಟಿಗೆ ಅವನದು, ತಂತಿ ಜೋಡಿಸುವುದು, ಆಟ ಹಾಕಿಕೊಡುವುದು ಎಲ್ಲ ಅವನೇ. ಚೆಟ್ ಆಡುವುದಿಲ್ಲ. ಮೂವತ್ತು ವರ್ಷ ಅಂಚೆ ಹಂಚಿದವನು, ಈಗ ನಮ್ಮ ಸ್ಕೋರ್ ಬರೆಯುತ್ತಾನೆ. ಪೆನ್ಸಿಲ್, ಕಾಗದದ ಕಾರ್ಡು, ಒಂದೊಂದು ಔಟೂ ಬರೆಯಬೇಕು. ಆಟ ಮುಗಿದ ಮೇಲೆ ಕೆಳಗೆ ಅವನ ಸಹಿ. ಟಿವಿಯೇ ಎಲ್ಲ ತೋರಿಸುತ್ತಲ್ಲ ಮಾರಾಯ ಅಂದರೆ, "ಟಿವಿ ಸಹಿ ಹಾಕುತ್ತಾ?" ಅನ್ನುತ್ತಾನೆ.

ಇವತ್ತೂ ಸೋತೆ. ಚೆಂಡು ಎಸೆಯಬೇಕಾದರೆ ಪರದೆಯ ಮೇಲೆ ಒಂದು ಸಣ್ಣ ಬಳೆ ಬರುತ್ತದೆ. ಅದನ್ನು ಹೆಬ್ಬೆರಳಿನಿಂದ ಬೇಕಾದ ಕಡೆ ತಳ್ಳಿ, ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಬೇಕು. ನನ್ನ ಬಳೆ ಕುಡಿದವನ ಹಾಗೆ ತೂರಾಡುತ್ತದೆ. ಚೆಂಡು ಹೋಗಿ ಬ್ಯಾಟಿನ ಬಾಯಿಗೇ ಬೀಳುತ್ತದೆ.

"ಲೋ ಲೆನ್, ಅದು ಚೆಂಡೋ ಬರ್ತ್‌ಡೇ ಕೇಕೋ? ತಟ್ಟೇಲಿಟ್ಟು ಕೊಡ್ತಾ ಇದ್ದೀಯಲ್ಲ," ರೆಜಿಸ್.

"ಕಾರ್ಖಾನೇಲೂ ಹಿಂಗೇ ಬಾಯಿ ಓಡಿಸ್ಕೊಂಡು ಕೂತಿರ್ತಿದ್ದೆಯೇನೋ?"

"ಕ್ರೇನು ನನ್ನ ಮಾತು ಕೇಳ್ತಿತ್ತಪ್ಪ. ನಿನ್ನ ಚೆಂಡು ನೀನು ಹೇಳಿದ್ದೂ ಕೇಳಲ್ಲ."

ಚೆಂಡಿಗೆ ಬೈಯುತ್ತಾರೆ. ನನ್ನ ಕನ್ನಡಕಕ್ಕೆ ಬೈಯುತ್ತಾರೆ. ಕೈಗೆ ಬೈಯುವುದಿಲ್ಲ. ಈ ಊರಿನಲ್ಲಿ ಇಷ್ಟು ದಿನದಲ್ಲಿ ಒಬ್ಬನೂ ಲೆನ್ ನಿನ್ನ ಕೈ ನಡುಗುತ್ತಿದೆ ಅಂದಿಲ್ಲ. ನವೆಂಬರಿನಲ್ಲಿ ಚೆಟ್‌ನ ಕಿವಿ ಕೊಯ್ದೆ. ರಕ್ತ ಕಾಲರಿಗೆ ಇಳಿಯುತ್ತಿತ್ತು, ಅವನು "ನಾನೇ ಅಲ್ಲಾಡಿಬಿಟ್ಟೆ ಕಣೋ" ಅಂದ. ಅಲ್ಲಾಡಿರಲಿಲ್ಲ. ಅವತ್ತಿನಿಂದ ಕ್ಷೌರದ ಕತ್ತಿ ಡ್ರಾಯರಿನಲ್ಲಿ ಮಲಗಿದೆ.

ಜನವರಿ 22, ಭಾನುವಾರ

ಚರ್ಚಿನಿಂದ ಬಂದು ಬರ್ನಡೆಟ್ ಜೊತೆ ಮಾತಾಯಿತು. ಜಗಳವಲ್ಲ. ಅವಳ ವಾದ ಸರಿ ಇದೆ, ಅದೇ ಕೋಪ.

"ಮೆಷಿನ್ ಹಿಡ್ಕೊಂಡು ಎಷ್ಟು ದಿನ ತಳ್ತೀಯ ಲೆನ್?"

"ಸೀಸನ್ ಶುರುವಾಗೋವರೆಗೂ ಬಿಡು. ಅಷ್ಟರಲ್ಲಿ ಕೈ ನೆಟ್ಟಗಾದರೆ ಕತ್ತಿ ಹಿಡೀತೀನಿ. ಇಲ್ಲಾಂದ್ರೆ ಬೀಗ ಹಾಕಿ ಬೀಗದ ಕೈ ನಿನ್ನ ಕೈಗೇ ಕೊಡ್ತೀನಿ."

"ಮಾತು?"

"ಮಾತು."

ಬೇಸ್‌ಬಾಲ್ ಸೀಸನ್ ಶುರುವಾಗುವ ವಾರ ಅಂದರೆ ನಮ್ಮಂಗಡಿಗೆ ಹಬ್ಬ. ಚಳಿಗಾಲದ ಗಡ್ಡ ಇಟ್ಟುಕೊಂಡು ಮೊದಲ ಪಂದ್ಯ ನೋಡಿದರೆ ನಮ್ಮ ಟೀಮು ಸೋಲುತ್ತದಂತೆ. ಅಪ್ಪನ ಕಾಲದಿಂದ ಊರಿನ ಗಂಡಸರೆಲ್ಲ ಆ ವಾರ ಬಂದು ಕತ್ತಿಯಲ್ಲೇ ಕ್ಷೌರ ಮಾಡಿಸಿಕೊಳ್ಳುತ್ತಾರೆ. ಗಡ್ಡ ತೆಗೆದರೂ ಟೀಮು ಸೋಲುತ್ತದೆ, ಅದು ಬೇರೆ ಮಾತು. ಮಾರ್ಚ್ 30ಕ್ಕೆ ಮೊದಲ ಪಂದ್ಯ. ಅರವತ್ತೇಳು ದಿನ ಇದೆ, ನನ್ನ ವಯಸ್ಸಿನಷ್ಟೇ.

ಜನವರಿ 24, ಮಂಗಳವಾರ

3 — ಜೋರು. 12–1. ರೆಜಿಸ್ ಕೇಕಿನ ಮಾತು ಕೂಡ ಎತ್ತಲಿಲ್ಲ.

ಕಂಟ್ರೋಲರ್ ಕೆಳಗಿಟ್ಟು ಬಚ್ಚಲಿಗೆ ಹೋಗಿ ಕೈಯನ್ನು ಬಿಸಿನೀರಿನಲ್ಲಿ ಹಿಡಿದು ನಿಂತೆ. ಅತ್ತುಬಿಟ್ಟೆ. ಬರೆದಿಡುತ್ತಿದ್ದೇನೆ, ಯಾರು ಓದುತ್ತಾರೆ. ನನ್ನ ಕೈಯೇ ನನ್ನ ಮಾತು ಕೇಳುತ್ತಿಲ್ಲ. ಹೊರಗೆ ಬಂದಾಗ ಇಬ್ಬರೂ ಪಿಸುಪಿಸು ಮಾತಾಡುತ್ತಿದ್ದವರು ನಿಲ್ಲಿಸಿದರು.

ಫೆಬ್ರವರಿ 2, ಗುರುವಾರ. ಸಂಜೆ 5.20

ಕೈ ನಡುಗುತ್ತಿದೆ. ಇದು ಬೇರೆ ನಡುಕ.

ಕ್ರಮವಾಗಿ ಬರೆಯುತ್ತೇನೆ. ಬೆಳಿಗ್ಗೆ ರೇಡಿಯೋದಲ್ಲಿ, ವರ್ಷವರ್ಷದ ಶಾಸ್ತ್ರದಂತೆ ಬಿಲದಿಂದ ಹೊರಬಂದ, ಹೆಗ್ಗಣದಂಥ ಗ್ರೌಂಡ್‌ಹಾಗ್ ತನ್ನ ನೆರಳು ನೋಡಿತು, ಇನ್ನು ಆರು ವಾರ ಚಳಿ ಅಂದರು. ಎಂದಿನಂತೆ ಎರಡಕ್ಕೆ ಆಟ. ಮೊದಲ ಇನ್ನಿಂಗ್ಸಿನಲ್ಲಿ ರೆಜಿಸ್‌ನ ಮೂವರನ್ನೂ ಔಟ್ ಮಾಡಿದೆ. ಎರಡನೆಯದರಲ್ಲೂ ಮೂವರು. ಬಳೆ ನೇರ ನಿಂತಿತ್ತು. ನಾನು ಎಲ್ಲಿ ಇಡಬೇಕು ಅಂದುಕೊಂಡೆನೋ ಅಲ್ಲಿ. ಹೆಬ್ಬೆರಳು ನಡುಗುತ್ತಿರುವುದು ನನಗೆ ಗೊತ್ತಾಗುತ್ತಿತ್ತು, ಆದರೆ ಬಳೆಗೆ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಕೊಟ್ಟ ಗುಳಿಗೆ ಹಿಡಿಯಿತು ಅಂದುಕೊಂಡೆ. ಮೂರು, ನಾಲ್ಕು.

ಐದನೇ ಇನ್ನಿಂಗ್ಸಿನ ಹೊತ್ತಿಗೆ ಮಾತು ನಿಂತಿತು.

ಚೆಟ್ ಬೆಂಚಿನ ಆ ತುದಿಗೆ ಸರಿದು ಕೂತ. ರೆಜಿಸ್ ಬಾಯಿ ಹೊಲಿದುಕೊಂಡ. ಆಗ ನನಗೂ ತಿಳಿಯಿತು, ಹದಿನೈದು ಜನ ಬಂದಿದ್ದಾರೆ, ಒಬ್ಬನೂ ಮೊದಲ ಬೇಸ್ ಮುಟ್ಟಿಲ್ಲ. ಇಪ್ಪತ್ತೇಳು ಜನರನ್ನೂ ಹೀಗೆ ಬಂದ ಹಾಗೇ ಕಳಿಸಿದರೆ ಪರ್ಫೆಕ್ಟ್ ಗೇಮ್. ಆದರೆ ಅದು ನಡೆಯುತ್ತಿರುವಾಗ ಎಸೆಯುವವನ ಜೊತೆ ಯಾರೂ ಮಾತಾಡಬಾರದು. ಆ ಎರಡು ಪದ ಬಾಯಿಗೆ ತರಬಾರದು. ಪಕ್ಕದಲ್ಲಿ ಕೂರಬಾರದು. ಬಾಯಿಬಿಟ್ಟರೆ ಆಟ ಕೆಟ್ಟಿತು. ಮೈದಾನದಲ್ಲಾದರೇನು, ಟಿವಿಯಲ್ಲಾದರೇನು.

ಏಳನೇ ಇನ್ನಿಂಗ್ಸಿನಲ್ಲಿ ಬರ್ನಡೆಟ್ ಹಲುಷ್ಕಿ ತಂದಳು, ಎಲೆಕೋಸು, ಬೆಣ್ಣೆ, ನೂಡಲ್ಸ್. ಬಾಗಿಲಲ್ಲೇ ನಿಂತಳು. ಚೆಟ್ ಅವಳಿಗೆ ಕಾರ್ಡು ತೋರಿಸಿದ. ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಲವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಆಟ ಪೂರ್ತಿ ನಿಂತು ನೋಡಿದ್ದು ಇದೇ ಮೊದಲು. ಹಲುಷ್ಕಿ ಆರಿಹೋಯಿತು.

ಎಂಟರಲ್ಲಿ ಒಂದು ಹೊಡೆತ ನಡುಮೈದಾನದ ಗೋಡೆಯವರೆಗೆ ಹಾರಿತು. ಮುಗಿಯಿತು ಅಂದುಕೊಂಡೆ. ಫೀಲ್ಡರ್ ಗೋಡೆಗೆ ಬೆನ್ನು ಕೊಟ್ಟು ಹಿಡಿದ. ರೆಜಿಸ್ ಬಿಳಿಚಿಕೊಂಡಿದ್ದ, ಉಸ್ಸೆಂದು ಉಸಿರು ಬಿಟ್ಟ. ಪಾಪ, ಅಷ್ಟು ಒಳ್ಳೆಯ ಹೊಡೆತ.

ಒಂಬತ್ತು, ಕೊನೆಯದು. ಇಪ್ಪತ್ತೈದು. ಇಪ್ಪತ್ತಾರು. ಕೊನೆಯವನು ಮೂರನೇ ಎಸೆತಕ್ಕೆ ಗಾಳಿಗೆ ಬೀಸಿದ.

4–0. ಇಪ್ಪತ್ತೇಳು ಔಟ್. ನಾನು ಎದ್ದು ನಿಂತೆ. ಯಾರೂ ಕೂಗಲಿಲ್ಲ. ರೆಜಿಸ್ ನನ್ನನ್ನು ತಬ್ಬಿಕೊಂಡ, ಬಹಳ ಹೊತ್ತು. ಅವನ ತಾಯಿ ಸತ್ತಾಗ ಕೂಡ ಅಷ್ಟು ಹೊತ್ತು ತಬ್ಬಿರಲಿಲ್ಲ. ಬರ್ನಡೆಟ್ ಅತ್ತಳು. ನಾನು ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೋ, ದವಡೆ ನೋಯುತ್ತಿದೆ.

ಫೆಬ್ರವರಿ 3, ಶುಕ್ರವಾರ

ಚೆಟ್‌ನ ಕಾರ್ಡನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿದೆ. ಕುರ್ಚಿಯಲ್ಲಿ ಕೂತವರಿಗೆಲ್ಲ ಕಾಣಬೇಕು. ಆರು ಜನ ಬಂದರು, ಆರು ಜನಕ್ಕೂ ಹೇಳಿದೆ. ಎಂಟನೇ ಇನ್ನಿಂಗ್ಸ್ ಹೇಳುವಾಗ ಮೆಷಿನ್ ಕೆಳಗಿಟ್ಟು ಎರಡೂ ಕೈಯಲ್ಲಿ ತೋರಿಸಬೇಕಾಯಿತು.

ಫೆಬ್ರವರಿ 9, ಗುರುವಾರ

ಆಟ ಇಲ್ಲ. ಟಿವಿಯಲ್ಲಿ ಏನೋ ಕೆಟ್ಟಿದೆ, ತಂತಿ ಬದಲಾಯಿಸಬೇಕು ಅಂದ ರೆಜಿಸ್. ಪೆಟ್ಟಿಗೆಯ ಮೇಲೆ ಟವೆಲ್ ಹೊದಿಸಿ ಹೋದ. ಆಗಲಿ. ಅಂಥದ್ದೊಂದು ಆಡಿದ ಮೇಲೆ ಮತ್ತೆ ಕೂತು 9–2 ಸೋಲುವುದು ಯಾರಿಗೆ ಬೇಕು.

ಫೆಬ್ರವರಿ 13, ಸೋಮವಾರ

ಡಾಕ್ಟರ ಆಫೀಸಿಗೆ ಫೋನ್ ಮಾಡಿ ನಾಳೆ ಬರುವುದಿಲ್ಲ ಅಂದೆ. ಗುಳಿಗೆ ಹೆಚ್ಚಿಸುವುದಕ್ಕೆ ಕರೆದಿದ್ದರು. ಹೆಚ್ಚಿಸುವುದೇಕೆ? ಇಪ್ಪತ್ತೇಳು ಜನರನ್ನು ಔಟ್ ಮಾಡಿದ ಕೈ. ಹಾಗೆಂದು ಫೋನಿನಲ್ಲಿದ್ದ ಹುಡುಗಿಗೂ ಹೇಳಿದೆ. "ಕಂಗ್ರಾಜುಲೇಶನ್ಸ್ ಸರ್, ಇನ್ನೊಂದು ದಿನ ಯಾವಾಗ ಹಾಕಲಿ?" ಅಂದಳು. ನಾನೇ ಫೋನ್ ಮಾಡುತ್ತೇನೆ ಅಂದೆ.

ಬರ್ನಡೆಟ್‌ಗೆ ಹೇಳಿದೆ. ಅವಳು ಕೈಯಲ್ಲಿದ್ದ ತಟ್ಟೆ ಒರೆಸುತ್ತಲೇ ಇದ್ದಳು. ಒಣಗಿದ ಮೇಲೂ ಒರೆಸುತ್ತಿದ್ದಳು.

ಇನ್ನು ಗಂಟೆ ಬರೆಯುವುದಿಲ್ಲ.

ಮಾರ್ಚ್ 10, ಶುಕ್ರವಾರ

ತುಂಬಾ ದಿನವಾಯಿತು ಇದನ್ನು ತೆರೆದು. ಅಕ್ಷರ ಸಣ್ಣದಾಗುತ್ತಿದೆ. ಪೆನ್ನು ಸರಿಯಿಲ್ಲ.

ಈಸ್ಟರ್‌ಗೆ ಮುಂಚಿನ ಉಪವಾಸದ ಶುಕ್ರವಾರ, ಫೈರ್ ಸ್ಟೇಷನ್ನಿನ ಹಾಲಿನಲ್ಲಿ ಮೀನಿನ ಊಟ. ಊರೆಲ್ಲ ಸೇರಿತ್ತು. ಸೀಸನ್ ವಾರಕ್ಕೆ ಕತ್ತಿ ಕ್ಷೌರ ಉಂಟು, 28ರ ಮಂಗಳವಾರದಿಂದ ಬನ್ನಿ ಎಂದು ಪ್ರತಿ ಮೇಜಿಗೂ ಹೋಗಿ ಹೇಳಿದೆ. "ಬರ್ತೀವಿ ಲೆನ್, ಬರ್ತೀವಿ," ಅಂದರು. ಎಲ್ಲರೂ ಒಂದೇ ಥರ.

ಒಂದು ವಿಷಯ ಕೊರೆಯುತ್ತಿದೆ. ಯಾರೂ ಕಾಲೆಳೆಯುತ್ತಿಲ್ಲ. ಆಟ ನಡೆಯುವಾಗ ಮಾತಾಡಬಾರದು, ಸರಿ. ಮುಗಿದ ಮೇಲೆ? ಮುಗಿದ ಮೇಲೆ ವರ್ಷಗಟ್ಟಲೆ ಜೀವ ತಿನ್ನಬೇಕು, ಅದೇ ರೂಢಿ. ರೆಜಿಸ್ ಒಂದು ಸಲ ಮೂರು ಹೋಮ್ ರನ್ ಹೊಡೆದಿದ್ದಕ್ಕೆ ನಾವು ಅವನನ್ನು ಒಂದು ಬೇಸಿಗೆ ಪೂರ್ತಿ "ಮಹಾಪ್ರಭು" ಎಂದೇ ಕರೆದೆವು. ನನ್ನ ಪರ್ಫೆಕ್ಟ್ ಗೇಮ್ ಬಗ್ಗೆ ಐದು ವಾರದಲ್ಲಿ ಒಂದು ಕುಹಕ ಇಲ್ಲ. ನಾನೇ ಮಾತು ತೆಗೆದರೆ "ಹೌದು ಲೆನ್, ಅದ್ಭುತ" ಅನ್ನುತ್ತಾರೆ. ರೆಜಿಸ್ ಬಾಯಲ್ಲಿ ಅದ್ಭುತ ಎಂಬ ಪದ ನಾನು ಕೇಳಿದವನಲ್ಲ.

ಇನ್ನೊಂದು. ಇವತ್ತು ಕನ್ನಡಿ ಒರೆಸುವಾಗ ನೋಡಿದೆ. ಕಾರ್ಡಿನ ಕೆಳಗೆ ಚೆಟ್‌ನ ಸಹಿ ಇಲ್ಲ. ಮೀನು ತಿನ್ನುತ್ತಿದ್ದವನ ಹತ್ತಿರ ಹೋಗಿ ಕೇಳಿದೆ.

"ಓ... ಪೆನ್ನಲ್ಲಿ ಇಂಕು ಮುಗಿದಿತ್ತು ಕಣೋ."

"ನೀನು ಬರೆಯೋದು ಪೆನ್ಸಿಲಲ್ಲಿ."

"ಹಾಗಾದ್ರೆ ಮರೆತಿರಬೇಕು. ಹಾಕ್ತೀನಿ ಬಿಡು, ಬಂದಾಗ."

ಬಂದಿಲ್ಲ.

ಮಾರ್ಚ್ 26, ಭಾನುವಾರ

ಕತ್ತಿ ತೆಗೆದೆ. ಚರ್ಮದ ಪಟ್ಟಿಯ ಮೇಲೆ ಮಸೆದೆ. ಆ ಸದ್ದು ಕೇಳಿ ನಾಲ್ಕು ತಿಂಗಳು.

ಕ್ಷೌರ ಕಲಿಯುವವರಿಗೆ ಮೊದಲು ಬಲೂನು ಕೊಡುತ್ತಾರೆ. ಊದಿ, ಮೇಲೆ ನೊರೆ ಹಚ್ಚಿ, ಒಡೆಯದ ಹಾಗೆ ಕತ್ತಿಯಿಂದ ನೊರೆ ತೆಗೆಯಬೇಕು. ಅಪ್ಪ ನನಗೆ ಹದಿನಾಲ್ಕನೇ ವಯಸ್ಸಿನಲ್ಲಿ ಹಾಗೇ ಕಲಿಸಿದ್ದು. ಇವತ್ತು ಆರು ಬಲೂನು ಊದಿದೆ. ನಾಲ್ಕು ಒಡೆದವು. ಹಳೇ ಬಲೂನು, ರಬ್ಬರು ಸತ್ತುಹೋಗಿದೆ. ಉಳಿದ ಎರಡು ಚೆನ್ನಾಗಿ ಬಂದವು. ಎರಡನೆಯದಂತೂ ಬಹಳ ಚೆನ್ನಾಗಿ.

ಮಾರ್ಚ್ 28, ಮಂಗಳವಾರ. ಬೆಳಿಗ್ಗೆ 9.15

ಅಂಗಡಿ ಮುಚ್ಚಿದ್ದೇನೆ. ಹೊರಗೆ ಇಬ್ಬರು ಬಂದು ಬಾಗಿಲು ಎಳೆದು ನೋಡಿ ಹೋದರು.

ಏಳು ಗಂಟೆಗೆ ಅಂಗಡಿ ತೆರೆದು ಬಾಗಿಲ ಪಕ್ಕದ ಪಟ್ಟೆ ಕಂಬದ ದೀಪ ಹಾಕಿದೆ. ಏಳೂ ಐದಕ್ಕೆ ರೆಜಿಸ್. ಇಷ್ಟು ಬೇಗ ಎದ್ದವನೇ ಅಲ್ಲ. "ಮೊದಲನೆಯವನು ನಾನೇ," ಅಂದ. ಕುರ್ಚಿಯಲ್ಲಿ ಕೂತ. ಬಿಸಿ ಟವೆಲ್ ಹಾಕಿದೆ, ನೊರೆ ಹಚ್ಚಿದೆ, ಕುರ್ಚಿ ಹಿಂದಕ್ಕೆ ಬಾಗಿಸಿದೆ.

ಮೂವತ್ತೆಂಟು ವರ್ಷದಿಂದ ಅವನ ಮುಖ ಮಾಡುತ್ತಿದ್ದೇನೆ. ಟವೆಲ್ ತೆಗೆಯುವ ಮೊದಲೇ ನಿದ್ದೆ ಹೋಗುತ್ತಾನೆ. ಗೊರಕೆ ಹೊಡೆಯುತ್ತಾನೆ. ಗಂಟಲ ಮೇಲೆ ಕತ್ತಿ ಆಡುವಾಗ ಗೊರಕೆ ನಿಲ್ಲಿಸಲು ಅವನ ಮೂಗು ಹಿಡಿಯಬೇಕಾಗುತ್ತದೆ. ಇವತ್ತು ಕಣ್ಣು ಬಿಟ್ಟುಕೊಂಡಿದ್ದ. ಸೂರು ನೋಡುತ್ತಿದ್ದ. ಎರಡೂ ಕೈ ಕುರ್ಚಿಯ ತೋಳನ್ನು ಹಿಡಿದಿದ್ದವು, ಗೆಣ್ಣು ಬೆಳ್ಳಗಾಗಿದ್ದವು.

ಕೆನ್ನೆ ಆಯಿತು. ದವಡೆಯ ಕೆಳಗೆ ಬಂದೆ. ಕತ್ತಿಯ ಅಲಗಿನಲ್ಲಿ ಕಿಟಕಿಯ ಬೆಳಕು ಕುಣಿಯುತ್ತಿತ್ತು. ನಿಲ್ಲು ಅಂದೆ ಕೈಗೆ. ನಿಲ್ಲಲಿಲ್ಲ. ನೊರೆಯಲ್ಲಿ ಕೆಂಪು ಬಂತು. ಅವನು ಚಕಾರ ಎತ್ತಲಿಲ್ಲ.

ಕತ್ತಿ ಕೆಳಗಿಟ್ಟೆ.

"ಯಾಕೆ ನಿದ್ದೆ ಮಾಡ್ಲಿಲ್ಲ?"

"ಬೆಳಿಗ್ಗೆ ಕಾಫಿ ಜಾಸ್ತಿ ಆಯ್ತು ಕಣೋ."

"ರೆಜಿಸ್. ಯಾಕೆ ನಿದ್ದೆ ಮಾಡ್ಲಿಲ್ಲ?"

ಅವನು ಟವೆಲ್ ತೆಗೆದು ದವಡೆಗೆ ಒತ್ತಿಕೊಂಡ. ಕನ್ನಡಿ ನೋಡಿದ. ಕನ್ನಡಿಯಲ್ಲಿ ನನ್ನನ್ನಲ್ಲ, ಚೌಕಟ್ಟಿಗೆ ಸಿಕ್ಕಿಸಿದ ಕಾರ್ಡನ್ನು. ಅಲ್ಲಿಗೆ ನನಗೆ ಗೊತ್ತಾಯಿತು. ಅವನು ಹೇಳುವ ಮೊದಲೇ.

"ಆಟದಲ್ಲಿ ಒಂದು ಪುಟ ಇದೆ," ಅಂದ. "ಹೊಸಬರಿಗೆ ಅಂತ. ಅದನ್ನ ಹಾಕಿದರೆ ಬೆರಳು ಹೆಂಗಿದ್ರೂ ಬಳೆ ನೆಟ್ಟಗೆ ನಿಲ್ಲುತ್ತೆ. ಚೆಂಡು ತಾನೇ ಹೋಗುತ್ತೆ. ನೀನು ಯಾವತ್ತೂ ಆ ಪುಟ ನೋಡಿದವನಲ್ಲ. ಅವತ್ತು ಅದನ್ನ ಹಾಕಿದ್ದೆ."

"ನೀನು ಹೊಡೆದಿದ್ದು?"

"ಬೇಕಂತಲೇ ತಪ್ಪಿಸ್ತಿದ್ದೆ. ಒಂದು ಗೆಲುವು ಕೊಡೋಣ ಅಂತ ಅಷ್ಟೇ ಇದ್ದಿದ್ದು. ಐದನೇ ಇನ್ನಿಂಗ್ಸ್ ಹೊತ್ತಿಗೆ ಇನ್ನೂ ಒಬ್ಬನೂ ಬೇಸ್ ಮುಟ್ಟಿಲ್ಲ ಅಂತ ಚೆಟ್ ಕಣ್ಣಲ್ಲೇ ತೋರಿಸಿದ. ನಿನ್ನ ಮುಖ ನೋಡಿದೆ. ಆಮೇಲೆ ಹೊಡೆಯೋಕೆ ಮನಸ್ಸು ಬರಲಿಲ್ಲ. ಎಂಟರಲ್ಲಿ ತಪ್ಪಿ ಒಂದು ಬಿತ್ತಲ್ಲ, ಗೋಡೆಗೆ... ಜೀವ ಬಾಯಿಗೆ ಬಂದಿತ್ತು."

ಉಸಿರು ಬಿಟ್ಟಿದ್ದು ಅದಕ್ಕೆ. ಪಾಪ ಅಂದುಕೊಂಡಿದ್ದೆ ನಾನು.

"ಚೆಟ್‌ಗೆ ಗೊತ್ತಿತ್ತು."

"ಹೂಂ."

"ಫೈರ್ ಸ್ಟೇಷನ್ನಿನಲ್ಲಿ ಬರ್ತೀವಿ ಬರ್ತೀವಿ ಅಂದವರಿಗೆ?"

ಅವನು ಟವೆಲ್ಲಿನ ಮಡಿಕೆ ತಿರುಗಿಸಿ ಮತ್ತೆ ದವಡೆಗೆ ಒತ್ತಿಕೊಂಡ.

"ಬರ್ನಡೆಟ್‌ಗೆ?"

ಅವನು ಎದ್ದು ಕೋಟು ಹಾಕಿಕೊಂಡ. ಅರ್ಧ ಮುಖದಲ್ಲಿ ನೊರೆ ಹಾಗೇ ಇತ್ತು. "ಬೇರೆ ಯಾರಾದ್ರೂ ಮೊದಲು ಕೂರೋದು ಬೇಡ ಅಂತ ಬಂದೆ ಲೆನ್," ಅಂದು ಹೊರಟ.

ನಂಬಿಸಿ ಕತ್ತು ಕುಯ್ಯುವುದು ಅಂತಾರೆ. ಇವರು ನಂಬಿಸಿ, ಕತ್ತಿ ನನ್ನ ಕೈಗೇ ಕೊಟ್ಟು, ತಮ್ಮ ಕತ್ತು ಒಡ್ಡಿದರು. ನಿಜ ಹೇಳುವುದಕ್ಕಿಂತ ಅದು ಸುಲಭವಾಯಿತು ಇವರಿಗೆ.

ಅದೇ ದಿನ, ಮಧ್ಯಾಹ್ನ

ಮನೆಗೆ ಹೋದೆ. ಬರ್ನಡೆಟ್ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ರೆಜಿಸ್ ಫೋನ್ ಮಾಡಿ ಹೇಳಿರಬೇಕು, ನನ್ನ ಮುಖ ನೋಡಿ ಚಾಕು ಕೆಳಗಿಟ್ಟಳು.

"ನನ್ನನ್ನ ಗೆಲ್ಲಿಸು ಅಂತ ನೀನೇ ಹೇಳಿದ್ದಾ ಅವನಿಗೆ?"

"ನಾನೇ," ಅಂದಳು. ಸುತ್ತಿ ಬಳಸಲಿಲ್ಲ, ಅದೊಂದು. "ಬಚ್ಚಲಲ್ಲಿ ಅತ್ತಿದ್ದೀಯಂತೆ. ಚೆಟ್‌ಗೆ ಕೇಳಿಸಿತಂತೆ. ಒಂದು ದಿನ ಗೆಲ್ಲಿಸ್ರಪ್ಪ ಅಂದೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದಿಂದ ನೀನು ನಕ್ಕಿರಲಿಲ್ಲ ಲೆನ್."

"ಡಾಕ್ಟರ ಹತ್ತಿರ ಹೋಗಲ್ಲ ಅಂದಾಗ?"

"ಅವತ್ತೇ ಹೇಳಬೇಕಿತ್ತು."

"ಕತ್ತಿ ಮಸೀತಿದ್ದಾಗ? ಭಾನುವಾರ ಪೂರ್ತಿ ಬಲೂನು ಒಡೀತಿದ್ದೆ, ಪಕ್ಕದ ರೂಮಿನಲ್ಲಿ ಕೂತು ಕೇಳಿಸಿಕೊಳ್ಳಲಿಲ್ವಾ ನೀನು?"

"ಒಂದೊಂದೂ ಕೇಳಿಸ್ತು," ಅಂದಳು. "ಎದ್ದು ಬರ್ತಿದ್ದೆ, ಬಾಗಿಲ ತನಕ ಬಂದು ನಿಲ್ತಿದ್ದೆ. ನಿನ್ನ ಮುಖ ನೋಡಿ ಹೇಳೋ ಧೈರ್ಯ ಬರಲಿಲ್ಲ."

ನನ್ನ ಮುಖ. ಎಲ್ಲರಿಗೂ ನನ್ನ ಮುಖದ್ದೇ ಚಿಂತೆ. ನನ್ನ ಕೈ ನೋಡಲು ಒಬ್ಬರಿಗೂ ಆಗಲಿಲ್ಲ.

ಆ ಮೌನ ನೆನಪಾಗಿ ಮೈ ಉರಿಯುತ್ತಿದೆ. ಚೆಟ್ ತುದಿಗೆ ಸರಿದು ಕೂತಿದ್ದು, ಇವಳು ಬಾಯಿಗೆ ಕೈ ಇಟ್ಟಿದ್ದು. ಅಷ್ಟೂ ಗೌರವ ಅಂದುಕೊಂಡೆ. ಎಸೆಯುವವನಿಗೆ ಕೊಡುವ ಗೌರವ. ಅದು ರೋಗಿಯ ಕೋಣೆಯ ಮೌನ. ನಾನೊಬ್ಬನೇ ಆ ಕೋಣೆಯಲ್ಲಿ ಬೇಸ್‌ಬಾಲ್ ಆಡುತ್ತಿದ್ದದ್ದು.

ಊಟ ಮಾಡಿದೆ. ಅವಳು ಮಾತಾಡಿದಳು, ಉತ್ತರ ಕೊಡಲಿಲ್ಲ.

ಮಾರ್ಚ್ 29, ಬುಧವಾರ

7 — ಬಲಗೈ. ಜೋರು. ಎಡಗೈಯ ಕಿರುಬೆರಳೂ. ಇದು ಹೊಸದು.

11 — ಜೋರು.

ಡಾಕ್ಟರ ಆಫೀಸಿಗೆ ಫೋನ್. ಅದೇ ಹುಡುಗಿ. ಮೊದಲ ಖಾಲಿ ದಿನ ಮೇ 16. ಫೆಬ್ರವರಿ 14ಕ್ಕೆ ಬಂದಿದ್ದರೆ ಚೆನ್ನಾಗಿತ್ತು ಸರ್ ಅಂದಳು. ಹೌದು ಅಂದೆ. ಮೂರು ತಿಂಗಳು ಹೋಯಿತು. ಒಂದು ಗೆಲುವಿಗೆ.

ಸಂಜೆ ಅಂಗಡಿಗೆ ಹೋಗಿ ಪೆಟ್ಟಿಗೆಯ ಮೇಲಿನ ಟವೆಲ್ ತೆಗೆದೆ. ತಂತಿ ಏನೂ ಕೆಟ್ಟಿರಲಿಲ್ಲ, ಗುಂಡಿ ಒತ್ತಿದ ಕೂಡಲೇ ಬಂತು. ಆ ಪುಟ ಹುಡುಕಿದೆ. ಸಿಕ್ಕಿತು. ನನ್ನ ಹೆಸರಿನ ಮುಂದೆ ಬರೆದಿತ್ತು, "ಹೊಸಬ". ನಲವತ್ತೈದು ವರ್ಷ ಕತ್ತಿ ಹಿಡಿದವನು. ಅದನ್ನು ತೆಗೆದು ಎಲ್ಲಕ್ಕಿಂತ ಕಷ್ಟದ್ದಕ್ಕೆ ಇಟ್ಟೆ. ಒಬ್ಬನೇ, ಟಿವಿಯ ವಿರುದ್ಧ. ಮೊದಲ ಇನ್ನಿಂಗ್ಸಿನಲ್ಲೇ ಏಳು ಹೊಡೆದರು. ಆರಿಸಿಬಿಟ್ಟೆ.

ಕನ್ನಡಿಯ ಕಾರ್ಡು ತೆಗೆದೆ. ಹರಿಯಲು ಹೋದೆ, ಹರಿಯಲಿಲ್ಲ. ಚೆಟ್ ಸಹಿ ಹಾಕದೇ ಉಳಿಸಿದ್ದ. ಅವನ ಕೈಯಲ್ಲಿ ಆದ ಸತ್ಯ ಅಷ್ಟೇ. ಡ್ರಾಯರಿನಲ್ಲಿ ಕತ್ತಿಯ ಪಕ್ಕ ಇಟ್ಟೆ.

ಮಾರ್ಚ್ 30, ಗುರುವಾರ

6.30 — ಜೋರು. ಗುಂಡಿ ನಾನೇ ಹಾಕಿಕೊಂಡೆ. ಇಪ್ಪತ್ತು ನಿಮಿಷ. ಬರ್ನಡೆಟ್ ಬಾಗಿಲಲ್ಲಿ ನಿಂತಿದ್ದಳು, ಕಿಟಕಿ ನೋಡಲಿಲ್ಲ, ಗುಂಡಿಯನ್ನೇ ನೋಡಿದಳು. ಕೊನೆಗೆ "ಎರಡನೆಯದು ತಪ್ಪು ತೂತಿಗೆ ಹಾಕಿದೀಯ" ಅಂದಳು. ಬಿಚ್ಚಿ ಮತ್ತೆ ಹಾಕಿದೆ. ಅಂಗಡಿಯ ಬೀಗದ ಕೈ ಅವಳ ತಟ್ಟೆಯ ಪಕ್ಕ ಇಟ್ಟೆ. ಮಾತು ಮಾತೇ. ಅವಳು ಮುಟ್ಟಲಿಲ್ಲ. "ಇವತ್ತೊಂದು ದಿನ ಇಟ್ಕೋ," ಅಂದಳು.

ಅಂಗಡಿಗೆ ಬಂದೆ. ಕಂಬದ ದೀಪ ಹಾಕಲಿಲ್ಲ. ಮಧ್ಯಾಹ್ನ ನಿಜವಾದ ಪಂದ್ಯ ಮುಂದಿನ ಕೋಣೆಯ ರೇಡಿಯೋದಲ್ಲಿ ಹಾಕಿಬಿಟ್ಟೆ, ಒಂದಿಷ್ಟು ಸದ್ದು ಇರಲಿ ಅಂತ. ಊರಿನ ಗಂಡಸರೆಲ್ಲ ಗಡ್ಡ ಇಟ್ಟುಕೊಂಡೇ ಕೇಳುತ್ತಿರಬೇಕು.

2 ಗಂಟೆಗೆ ಹಿಂದಿನ ಬಾಗಿಲು ತೆರೆಯಿತು. ರೆಜಿಸ್. ದವಡೆಗೆ ಪಟ್ಟಿ, ಒಂದು ಕೆನ್ನೆ ನುಣುಪು, ಒಂದು ಕೆನ್ನೆ ಗಡ್ಡ. ಬೇಕಂತಲೇ ಹಾಗೆ ಬಿಟ್ಟಿದ್ದಾನೋ ಏನೋ. ನನ್ನ ಕೈಯಲ್ಲಿ ಕಂಟ್ರೋಲರ್ ಇತ್ತು. ಅವನು ಬೆಂಚಿನ ಆ ತುದಿಯಲ್ಲಿ ಕೂತ, ಅವತ್ತು ಚೆಟ್ ಕೂತ ಜಾಗ. ಮಾತಿಲ್ಲ. ಐದು ನಿಮಿಷ ಮಾತಿಲ್ಲ.

"ಬಾಯಿ ಮುಚ್ಕೊಂಡು ಕೂರೋದಾದ್ರೆ ಎದ್ದು ಹೋಗು," ಅಂದೆ. "ಮಾತಾಡೋದಾದ್ರೆ ಈ ಕಡೆ ಬಂದು ಕೂತು ಆಡು."

ಬಂದು ಪಕ್ಕದಲ್ಲಿ ಕೂತ. ಆ ಪುಟ ನಾನೇ ತೆರೆದು ತೋರಿಸಿದೆ. ಕಷ್ಟದ್ದು. ತಲೆಯಾಡಿಸಿದ. ಮೊದಲ ಎಸೆತಕ್ಕೆ ಬಳೆ ಪರದೆಯ ತುಂಬ ಓಡಾಡಿತು. ಅವನು ಟಿವಿ ನೋಡಲಿಲ್ಲ. ನನ್ನ ಕೈ ನೋಡಿದ. ನೋಡುತ್ತಲೇ ಇದ್ದ, ಕಣ್ಣು ತೆಗೆಯಲಿಲ್ಲ.

"ನಿನ್ನ ಕೈ ನಡುಗ್ತಾ ಇದೆ ಲೆನ್."

ಅರವತ್ತೇಳು ದಿನ ಕಾದೆ ಅಂದುಕೊಂಡಿದ್ದೆ. ಅದಕ್ಕಿಂತ ಜಾಸ್ತಿ. ನವೆಂಬರಿನಿಂದ.

"ಗೊತ್ತು."

"ತುಂಬಾ ನಡುಗ್ತಾ ಇದೆ."

"ಗೊತ್ತು ಅಂದೆನಲ್ಲ. ಹೊಡಿ."

ಹೊಡೆದ. ಗೋಡೆಯಾಚೆ ಹೋಯಿತು. ಈ ಸಲ ಉಸಿರು ಬಿಡಲಿಲ್ಲ. "ಕೇಕು," ಅಂದ, ಮೆಲ್ಲಗೆ.

2.40 — ಬಲಗೈ, ಜೋರು. 0–8, ಇನ್ನೂ ಎರಡನೇ ಇನ್ನಿಂಗ್ಸ್. ಕ್ಷಮಿಸಿಲ್ಲ. ಅವನನ್ನೂ ಇಲ್ಲ, ಅವಳನ್ನೂ ಇಲ್ಲ. ಅದನ್ನು ಇವನಿಗೆ ಬಾಯಿ ಬಿಟ್ಟೇ ಹೇಳಬೇಕು, ಈ ಇನ್ನಿಂಗ್ಸ್ ಮುಗಿಯಲಿ. ಬರೆದಿದ್ದು ಸಾಕು ಎಸಿಯೋ ಅಂತ ಬೈಯುತ್ತಿದ್ದಾನೆ. ತಡಿ ಅಂದೆ. ಡಾಕ್ಟರಿಗೆ ಬೇಕು. ಎಡಗೈ, ಕಿರುಬೆರಳು,